ನಾದಿನಿಯ ಹೆಬ್ಬೆಟ್ಟು

ನನಗೆ ಓದು ಅಷ್ಟಕ್ಕಷ್ಟೇ. ಐವತ್ತು ದಾಟಿದ ಮೇಲೆ ಹೆಂಗಸರ ಸಂಘದಲ್ಲಿ ಹೆಸರು ಬರೆಯುವುದನ್ನು ಕಲಿತೆ. ದಪ್ಪ ಅಕ್ಷರವಿದ್ದರೆ ಕೂಡಿಸಿ ಓದುತ್ತೇನೆ. ಸಣ್ಣ ಅಕ್ಷರ ಕಂಡರೆ ಕಣ್ಣು ಸರಿ ಇಲ್ಲ ಎನ್ನುತ್ತೇನೆ. ಇಷ್ಟು ಬರೆಯಲು ನನಗೆ ಒಂದು ಮಳೆಗಾಲ ಹಿಡಿದಿದೆ.

ಇಂಥವಳನ್ನು ಕಾಯ್ದೆ ಕಲಿಯಲು ಗೋಕಾಕಕ್ಕೆ ಕಳಿಸಿದರು. ಸಂಘಕ್ಕೊಬ್ಬರಂತೆ ಬರಬೇಕು, ಐದು ದಿನ ಕಲಿಸುತ್ತಾರೆ, ಆಮೇಲೆ ಬಡವರಿಗೆ ಕೋರ್ಟು ಕಚೇರಿಯ ದಾರಿ ತೋರಿಸಬೇಕು ಎಂದು ಹೇಳಿ ಕಳಿಸಿದ್ದರು. ವಕೀಲಿ ಮಾಡುವ ಕೆಲಸವಲ್ಲ, ವಕೀಲರ ತನಕ ಮಂದಿಯನ್ನು ಮುಟ್ಟಿಸುವ ಕೆಲಸ. ಮೇಲವಂಕಿಯ ನಮ್ಮ ಸಂಘದಲ್ಲಿ ಓದಿದವರೆಲ್ಲ ಒಂದೊಂದು ನೆವ ಹೇಳಿ ಜಾರಿಕೊಂಡರು.

"ಆಯಿ ಹೋಗಲಿ ಬಿಡ್ರಿ. ಆಕಿ ಬಾಯಿ ಒಂದ ಇದ್ರ ಪೊಲೀಸರೂ ಬ್ಯಾಡ, ವಕೀಲರೂ ಬ್ಯಾಡ," ಎಂದಳು ಒಬ್ಬಳು. ಎಲ್ಲರೂ ನಕ್ಕರು. ನನಗೂ ಹಿಗ್ಗಾಯಿತು. ಹೋದೆ.

ಮೊದಲೆರಡು ದಿನ ಪಿಂಚಣಿ, ಪೊಲೀಸ್ ಠಾಣೆ, ಗಂಡ ಹೊಡೆದರೆ ಏನು ಮಾಡಬೇಕು ಎನ್ನುವುದು. ಮೂರನೆಯ ದಿನ ಸತ್ತವರ ಆಸ್ತಿಯ ಪಾಠ. ಕಲಿಸಲು ಬಂದವರು ನಡುವಯಸ್ಸಿನ ವಕೀಲ ಬಾಯಿ. ಸತ್ತವರ ಆಸ್ತಿ ಹಂಚಬೇಕೆಂದರೆ ಮೊದಲು ಅವರಿಗೆ ಯಾರು ಯಾರು ಇದ್ದಾರೆ ಎಂದು ಬರೆಯಬೇಕು, ಅದಕ್ಕೆ ವಂಶಾವಳಿ ಎನ್ನುತ್ತಾರೆ ಎಂದರು. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ನಿಮ್ಮ ನಿಮ್ಮ ಮನೆಯದನ್ನೇ ಬರೆಯಿರಿ ಎಂದರು.

ನಾನು ಮೇಲೆ ಮಾವನ ಹೆಸರು ಬರೆದೆ. ಕೆಳಗೆ ಗೆರೆ ಎಳೆದು ನನ್ನ ಗಂಡ. ಅದರ ಕೆಳಗೆ ನನ್ನ ಇಬ್ಬರು ಗಂಡುಮಕ್ಕಳು. ಗೆರೆಗಳು ನೆಟ್ಟಗೆ ಬಂದಿದ್ದವು. ಬಾಯಿಯವರು ಸುತ್ತಾಡುತ್ತ ಬಂದು ನನ್ನ ಹಾಳೆಯನ್ನೇ ಎತ್ತಿ ಎಲ್ಲರಿಗೂ ತೋರಿಸಿದರು.

"ಚಲೋ ಬರದೀರಿ ಆಯಿ. ನಿಮ್ಮ ಮಾವನವರಿಗೆ ಹೆಣ್ಣಮಕ್ಕಳು ಇರಲಿಲ್ಲೇನ್ರಿ?"

"ಒಬ್ಬಾಕಿ ಅದಾಳ್ರಿ."

"ಎಲ್ಲಿ ಅದಾಳ?"

"ಹುಕ್ಕೇರಿ ಕಡೆ ಕೊಟ್ಟೈತ್ರಿ, ನಿಡಸೋಸಿ ಬಾಜೂಕ."

"ನಾ ಊರ ಕೇಳಲಿಲ್ಲ ಆಯಿ. ಈ ಹಾಳ್ಯಾಗ ಎಲ್ಲಿ ಅದಾಳ?"

ಕೋಣೆ ತುಂಬ ನಗು. ಬಾಯಿಯವರು ಉಳಿದ ಹಾಳೆಗಳನ್ನೂ ನೋಡಿದರು. ಅರ್ಧಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳನ್ನು ಬಿಟ್ಟಿದ್ದರು. ಒಬ್ಬಳಂತೂ ತನ್ನ ತವರಿನದು ಬರೆದು, ಅದರಲ್ಲಿ ತನ್ನನ್ನೇ ಬಿಟ್ಟಿದ್ದಳು. ನಗು ಅವಳ ಕಡೆಗೆ ತಿರುಗಿತು, ನಾನು ಉಳಿದುಕೊಂಡೆ. "ಮರತ ಹೋತ್ರಿ," ಎಂದೆ.

ಉಳಿದವರು ಮರೆತಿದ್ದರು. ನಾನು ಮರೆತಿರಲಿಲ್ಲ. ಗಂಡನ ಹೆಸರು ಬರೆದ ಮೇಲೆ ಅದರ ಮಗ್ಗುಲಲ್ಲಿ ಪೆನ್ನು ನಿಂತಿತ್ತು. ನಾನೇ ಅದನ್ನು ಕೆಳಗಿಳಿಸಿದೆ.

ಮಾವ ಸತ್ತು ಇಪ್ಪತ್ತು ವರ್ಷದ ಮೇಲಾಯಿತು. ಆತನಿಗೆ ಇದ್ದವರು ಇಬ್ಬರೇ, ನನ್ನ ಗಂಡ ಮತ್ತು ಅವನ ತಂಗಿ. ಮೊದಲು ಕುರಿ ಕಾಯ್ದ ಮನೆತನ. ಕಾಲುವೆಗೆ ನೀರು ಬಂದ ಮೇಲೆ ಮಾವ ಕುರಿ ಮಾರಿ ಹೊಲ ಹಿಡಿದಿದ್ದ. ಯಾರಿಗೆ ಏನು ಎಂದು ಬರೆದಿಟ್ಟಿರಲಿಲ್ಲ, ಬಾಯಿಂದ ಹೇಳಿಯೂ ಇರಲಿಲ್ಲ. ಹೊಲ ಗಂಡನ ಹೆಸರಿಗೆ ಏರಬೇಕೆಂದರೆ ನಾದಿನಿ ತನಗೆ ಬೇಡ ಎಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಬೇಕು ಎಂದ ಊರ ಲೆಕ್ಕ ನೋಡುವ ತಲಾಟಿಯ ಹತ್ತಿರ ಬರೆಯುವವನು.

ಗಂಡನಿಗೆ ತಂಗಿಯನ್ನು ಕೇಳಲು ಬಾಯಿ ಬರಲಿಲ್ಲ. ದಾರಿ ತೋರಿಸಿದವಳು ನಾನು. ಸೂತಕ ಕಳೆದು ಅವಳು ಊರಿಗೆ ಹೊರಟ ದಿನ ಉಡಿ ತುಂಬುವುದಿತ್ತು. ಮಗಳನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಉಡಿ ತುಂಬಿಸಿಕೊಂಡವಳು ಮಣೆಯಿಂದ ಏಳುವ ತನಕ ಯಾವುದಕ್ಕೂ ಒಲ್ಲೆ ಅನ್ನಬಾರದು, ತವರಿಗೆ ಒಳ್ಳೆಯದಲ್ಲ ಎಂಬ ನಂಬಿಕೆ ಬೇರೆ. "ಆಗ ಕಾಗದ ತರ್ರಿ," ಎಂದೆ ಗಂಡನಿಗೆ. ಅವನು ನನ್ನ ಮುಖ ನೋಡಿದ. ಬೇಡ ಅನ್ನಲಿಲ್ಲ.

ಅವಳು ಎರಡೂ ಕೈಯಲ್ಲಿ ಸೆರಗು ಹಿಡಿದು ಕುಳಿತಿದ್ದಳು. ನಾನು ಅಕ್ಕಿ ಹಾಕಿದೆ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಎಲೆ, ಅಡಿಕೆ, ಕುಬಸದ ಕಣ ಇಟ್ಟೆ. ಗಂಡ ಕಾಗದ ತಂದ.

"ಏನ ಕಾಗದ ವೈನಿ?"

"ವಾರಸಾ ವರ್ದಿ. ಅಪ್ಪನ ಹೆಸರ ತಗದು ಎಲ್ಲಾರ ಹೆಸರ ಹಾಕತಾರ. ನಿಂದೂ."

"ನಂದ್ಯಾಕ ಬೇ, ನಾ ಏನ ಹೊಲಾ ಊಳಾಕ ಬರ್ತೇನ?" ಎಂದು ನಕ್ಕಳು.

ಅವಳ ಒಂದು ಕೈ ಬಿಡಿಸಿದೆ. ಅಕ್ಕಿ ಚೆಲ್ಲಬಾರದೆಂದು ಸೆರಗಿನ ಆ ತುದಿಯನ್ನು ನಾನೇ ಹಿಡಿದುಕೊಂಡೆ. ಇನ್ನೊಂದು ಕೈಯಿಂದ ಅವಳ ಹೆಬ್ಬೆಟ್ಟು ಹಿಡಿದು ಮಸಿಗೆ ಅದ್ದಿ ಒತ್ತಿದೆ. ಅವಳು ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮತ್ತೆ ಸೆರಗು ಹಿಡಿದಳು. ಅಷ್ಟೇ. ಹೊಲ ನಮ್ಮದಾಯಿತು. ಗಂಡ ತೀರಿಕೊಂಡ. ಇಂದಿಗೂ ನನ್ನ ಮಕ್ಕಳು ಅದರಲ್ಲೇ ಕಬ್ಬು ಬೆಳೆಯುತ್ತಾರೆ. ನಾನು ಉಣ್ಣುವ ಅನ್ನ ಅದರದು.

ಮೂರನೆಯ ದಿನ ಮಧ್ಯಾಹ್ನ ಬಾಯಿಯವರು ಇದನ್ನೇ ಎತ್ತಿದರು. ಮನೆಯಲ್ಲಿ ಕುಳಿತು ತಂಗಿಯ ಹೆಬ್ಬೆಟ್ಟು ಒತ್ತಿಸಿಕೊಂಡು ತಲಾಟಿಗೆ ಕೊಟ್ಟರೆ ಅವಳ ಹಕ್ಕು ಹೋಗುವುದಿಲ್ಲ. "ಸಬ್-ರಜಿಸ್ಟ್ರಾರ ಮುಂದ ತಿಳದು ಸಹಿ ಮಾಡಬೇಕು, ನೋಂದಣಿ ಆಗಬೇಕು. ಇಲ್ಲಾಂದ್ರ ಪಾಲ ಇನ್ನೂ ಆಕಿದ. ಆಕಿಗೆ ಗೊತ್ತಿರೂದಿಲ್ಲ, ಅಷ್ಟ."

ನಾದಿನಿಗೆ ಹೇಳಬೇಕು ಎಂದು ಅನಿಸಲಿಲ್ಲ. ಸುಳ್ಳು ಯಾಕೆ ಬರೆಯಲಿ, ಹೊಲ ಹೋದೀತು ಎಂದೇ ಅನಿಸಿತು. ಕೈ ಎತ್ತಿದೆ. ಮೂರು ದಿನದಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಅದು.

"ಬಾಯಾರ, ಗಂಡ ಸತ್ತಾನ, ಮಕ್ಕಳಿಲ್ಲ, ಅಂಥಾಕಿ ಸತ್ತರ ಅಪ್ಪನ ಕಡಿಂದ ಬಂದ ಪಾಲ ಯಾರಿಗೆ ಹೋಗತೈತ್ರಿ? ಗಂಡನ ಮನಿಯವರಿಗೇನ್ರಿ?"

"ಇಲ್ಲ. ಮೃತ್ಯುಪತ್ರ ಬರದಿಡದ ಸತ್ತರ ತಿರಗಿ ಅಪ್ಪನ ವಾರಸುದಾರರಿಗೇ ಬರತೈತಿ. ನೋಡ್ರಿ, ಎಂಥಾ ಚಲೋ ಪ್ರಶ್ನಿ ಕೇಳಿದರು ಆಯಿ! ಓದಿದವರು ಕೇಳಲಿಲ್ಲ." ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು.

ನನ್ನ ನಾದಿನಿಗೆ ಮಕ್ಕಳಿಲ್ಲ. ಅವಳ ಗಂಡ ಸತ್ತು ಆರು ವರ್ಷ. ನಾನು ಬಾಯಿ ಮುಚ್ಚಿಕೊಂಡಿದ್ದರೆ, ಅವಳು ಏನೂ ಬರೆಯದೆ ಕಣ್ಣು ಮುಚ್ಚಿದರೆ, ಹೊಲ ಹೇಗಿದೆಯೋ ಹಾಗೇ ಇರುತ್ತದೆ. ಆ ಚಪ್ಪಾಳೆ ಬೀಳುವಾಗ ನನ್ನ ತಲೆಯಲ್ಲಿ ಓಡಿದ ಲೆಕ್ಕ ಇದು. ಒಂದೇ ತಟ್ಟೆಯಲ್ಲಿ ಉಂಡ ನಾದಿನಿ ಸಾಯುವ ದಾರಿ ಕಾಯಲು ಕೂತೆ.

ಎಂಟು ತಿಂಗಳು ಹಾಗೇ ಕಳೆದವು. ಬುಧವಾರಕ್ಕೊಮ್ಮೆ ಮೂಡಲಗಿಯ ಕೋರ್ಟಿನ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದೆ. ಬಾಜೂ ಮೇಜಿಗೆ ಇನ್ನೊಬ್ಬ ಹೆಂಗಸು, ಸಾಲಿ ಕಲಿತವಳು. ಆದರೂ ನನ್ನ ಮೇಜಿಗೇ ಮಂದಿ ಹೆಚ್ಚು. ಬಂದ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದೆ: ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ, ಅಣ್ಣನಾಗಲಿ ದೇವರಾಗಲಿ. ಒಮ್ಮೆ ಒಬ್ಬಳು ಅಳುತ್ತ ಬಂದಳು. ಅವಳ ವೈನಿ ಅವಳಿಂದ ಹೀಗೇ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಳು. "ಎಂಥಾ ಹೆಂಗಸದು! ಆಕಿಗೆ ಉಂಡದ್ದ ಹೆಂಗ ಮೈಗೆ ಹತ್ತತೈತಿ?" ಎಂದು ಬೈದೆ. ಬೈಯುವಾಗ ನನ್ನ ದನಿ ನಡುಗಲಿಲ್ಲ. ಅದನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ಒಂದು ದಿನ ನಾದಿನಿಯ ಫೋನ್ ಬಂತು.

"ವೈನಿ, ನನಗೊಂದ ಮೃತ್ಯುಪತ್ರ ಬರಸೂದೈತಿ. ಮೈದುನನ ಮಕ್ಕಳು ನನ್ನ ಎರಡ ಖೋಲಿ ಮನಿ ಮ್ಯಾಲೆ ಕಣ್ಣ ಇಟ್ಟಾರ. ಹುಕ್ಕೇರ್ಯಾಗ ವಕೀಲರ ಗೊತ್ತ ಮಾಡೇನಿ. ಇಬ್ಬರು ಸಾಕ್ಷಿ ಬೇಕಂತ. ಬಾಜೂ ಮನಿಯಾಕಿ ಒಬ್ಬಾಕಿ ಬರ್ತಾಳ, ನೀ ಒಬ್ಬಾಕಿ ಬಾ. ನನ್ನವರು ಅಂದ್ರ ನೀನ."

ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ. ದಾರಿಯುದ್ದ ಸಮಾಧಾನ ಹೇಳಿಕೊಂಡೆ. ಸಾಕ್ಷಿಯವರು ಒಳಗೆ ಏನು ಬರೆದಿದೆ ಎಂದು ಓದಬೇಕಾಗಿಲ್ಲ, ಬರೆಸಿದವಳು ಸಹಿ ಮಾಡುವುದನ್ನು ಕಣ್ಣಾರೆ ಕಂಡರೆ ಸಾಕು ಎಂದೇ ಕಲಿಸಿದ್ದರು. ಮನೆಯದು ಬರೆಸುತ್ತಾಳೆ, ಎಮ್ಮೆಯದು ಬರೆಸುತ್ತಾಳೆ. ಹೊಲದ ಮಾತು ಯಾಕೆ ಬಂದೀತು?

ವಕೀಲರು ನನಗಿಂತ ಮುದುಕರು. ಮೂಲೆಯಲ್ಲಿ ಟೈಪ್ ಮಾಡುವವನು. ನಾದಿನಿ ನನಗೆ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಮನೆ, ಎಮ್ಮೆ, ಕೊರಳಿನ ಬೋರಮಾಳ, ಒಂದೊಂದೇ ಬರೆದುಕೊಂಡರು. ಆಮೇಲೆ ವಕೀಲರು ತಲೆ ಎತ್ತಿದರು.

"ತವರಮನಿ ಕಡಿಂದ ಏನರ ಐತೇನವಾ?"

"ಇಲ್ರಿ. ಹೊಲಾ ನಾನ ಬಿಟ್ಟ ಕೊಟ್ಟೇನಿ ಅಂತ ಮಂದಿ ಅಂತಾರ. ಯಾವಾಗ ಬಿಟ್ಟೆ ನನಗ ನೆನಪಿಲ್ಲ. ವೈನಿನ್ನ ಕೇಳ್ರಿ, ಆಕಿ ಕಾಯ್ದೆ ಕಲತಾಳ."

ಹಾಗೆ ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. ನನ್ನ ವೈನಿ ಎಂದು ತೋರಿಸುವ ಹೆಮ್ಮೆ. ವಕೀಲರು ನನ್ನ ಕಡೆ ತಿರುಗಿದರು. ಹೌದ್ರಿ, ಬಿಟ್ಟಾಳ ಎನ್ನುವ ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಅಂದಿದ್ದರೆ ಅವರು ಹಾಗೇ ಬರೆದು, ಕೆಳಗೆ ನನ್ನ ಸಹಿ ಕೇಳುತ್ತಿದ್ದರು. ಒಳಗಿನ ಮಾತು ಸಾಕ್ಷಿಗೆ ಸಂಬಂಧವಿಲ್ಲ ನಿಜ, ಆದರೆ ಆ ಒಳಗಿನ ಸುಳ್ಳು ನನ್ನದೇ ಆಗುತ್ತಿತ್ತು.

"ಬಿಟ್ಟಿಲ್ರಿ," ಎಂದೆ. "ಆಕಿಗೆ ಗೊತ್ತ ಇಲ್ಲದ ನಾನ ಹೆಬ್ಬೆಟ್ಟ ಒತ್ತಿಸೇನಿ. ನೋಂದಣಿ ಆಗಿಲ್ಲ. ಪಾಲ ಆಕಿದ ಐತಿ."

ಟೈಪಿನ ಸಪ್ಪಳ ನಿಂತಿತು. ನಾದಿನಿ ನನ್ನ ಕಡೆ ತಿರುಗಿದಳು.

"ಅಪ್ಪ ಸತ್ತಾಗ, ಉಡಿ ತುಂಬಿದ ದಿನಾ?"

"ಹೂಂ."

"ಅಣ್ಣ ಹೇಳಿದ್ದನೇನ ನಿನಗ, ಹಿಂಗ ಮಾಡಂತ?"

ಸತ್ತ ಗಂಡನ ಮೇಲೆ ಹಾಕಲು ಅವಳೇ ಜಾಗ ಮಾಡಿಕೊಟ್ಟಳು.

"ಇಲ್ಲ. ಅವಗ ನಾನ ಹೇಳಿದ್ದೆ."

"ಆ ಕಾಗದ ನಡಿಯೂದಿಲ್ಲಂತ ನಿನಗ ಯಾವಾಗ ತಿಳೀತು?"

"ಎಂಟ ತಿಂಗಳಾತು."

"ಎಂಟ ತಿಂಗಳಾಗ ಎರಡ ಸಲ ಬಂದ ನಮ್ಮ ಮನ್ಯಾಗ ಉಂಡ ಹೋದಿ." ಬೈಗುಳವಿಲ್ಲ, ಅಳು ಇಲ್ಲ. ಬೈದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ಬೈಗುಳಕ್ಕೆ ನಾನು ಯಾವತ್ತೂ ಸೋತಿಲ್ಲ. ಅವಳು ವಕೀಲರ ಕಡೆ ತಿರುಗಿದಳು. "ಸಾಹೇಬ್ರ, ಸಾಕ್ಷಿಗೆ ಇನ್ನೊಬ್ಬರನ್ನ ನೋಡ್ರಿ. ಅಪ್ಪನ ಹೊಲದಾಗಿನ ನನ್ನ ಪಾಲೂ ಬರೀರಿ. ಯಾರಿಗಂತ ಹೇಳ್ತೇನಿ." ಆಮೇಲೆ ನನಗೆ: "ನೀ ಹೊರಗ ಕುಂದ್ರು."

ಹೊರಗೆ ಬಾಕಿನ ಮೇಲೆ ಕುಳಿತೆ. ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಕಿವಿ ಬಾಗಿಲ ಕಡೆಗೇ ಇತ್ತು. ಯಾರ ಹೆಸರು ಹೇಳುತ್ತಾಳೆ? ನನ್ನ ಮಕ್ಕಳದೋ, ಮಠದ್ದೋ, ಬಾಜೂ ಮನೆಯವಳದೋ? ಅಷ್ಟೆಲ್ಲ ಒಪ್ಪಿಕೊಂಡು ಬಂದ ಮೇಲೂ ಆಸೆ ನನ್ನನ್ನು ಬಿಟ್ಟಿರಲಿಲ್ಲ. ಬಾಕಿನ ತುದಿಗೆ, ಬಾಗಿಲ ಹತ್ತಿರಕ್ಕೆ ಸರಿದು ಕುಳಿತೆ. ಟೈಪಿನವನು ಎದ್ದು ಬಂದು ಬಾಗಿಲು ಹಾಕಿದ. ಎರಡನೆಯ ಸಾಕ್ಷಿ ಅವನೇ ಆದ ಎಂದು ಆಮೇಲೆ ತಿಳಿಯಿತು.

ನಾದಿನಿ ಹೊರಗೆ ಬಂದು ಕಾಗದವನ್ನು ಚೀಲದಲ್ಲಿಟ್ಟುಕೊಂಡಳು. "ನಿಮ್ಮ ಬಸ್ ನಿಂತೈತಿ ನೋಡ್ರಿ," ಎಂದಳು. ನಾನು ಮದುವೆಯಾಗಿ ಅವಳ ತವರಿಗೆ ಬಂದ ದಿನದಿಂದ ನನಗೆ ನೀನು ಎನ್ನುತ್ತಿದ್ದವಳು.

ಮನೆಯಲ್ಲಿ ಹೇಳಿದೆ. ಹಿರಿಯ ಮಗ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ.

"ಯಾರ ಹೆಸರಿಗೆ ಬರಸಿದಳು ಸ್ವಾದರತ್ತಿ?"

"ಗೊತ್ತಿಲ್ಲ. ನನ್ನ ಹೊರಗ ಕುಂಡರಸಿದಳು."

"ಅಲ್ಲವ್ವಾ, ಬಾಯಿ ಮುಚಗೊಂಡ ಸಹಿ ಮಾಡಿ ಬರೂದು ಬಿಟ್ಟು… ನಿನಗ ಯಾರ ಕೇಳಿದ್ರು ಇದನ್ನ?"

"ಆಕಿನ ಕೇಳಿದಳಪಾ," ಎಂದೆ.

ಅವನು ತಟ್ಟೆ ಸರಿಸಿ ಎದ್ದ. ತಿಂಗಳ ಮೇಲೆ ತಹಶೀಲ್ದಾರ ಕಚೇರಿಯಿಂದ ನೋಟೀಸು ಬಂತು. ಹೊಲದ ಹಕ್ಕುದಾರರ ಹೆಸರಿರುವ ಉತಾರದಲ್ಲಿ ತನ್ನ ಹೆಸರು ಸೇರಿಸಬೇಕೆಂದು ನಾದಿನಿ ಅರ್ಜಿ ಹಾಕಿದ್ದಳು. ಮಕ್ಕಳು ಇಬ್ಬರೂ ತಕರಾರು ಬರೆದುಕೊಟ್ಟರು. ನಾನು ತಕರಾರಿಲ್ಲ ಎಂದು ಬರೆದುಕೊಟ್ಟೆ. ಅದು ಇನ್ನೂ ನಡೆದಿದೆ. ಅಲ್ಲಿಯ ತನಕ ಕಬ್ಬು ನಮ್ಮದೇ, ಊಟವೂ ಅದರದೇ. ನಾದಿನಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಅವಳು ತಪ್ಪು ಮಾಡುತ್ತಿದ್ದಾಳೆ ಎನ್ನಲಾರೆ.

ಬುಧವಾರ ಮೂಡಲಗಿಗೆ ಹೋಗುವುದನ್ನು ಬಿಟ್ಟಿಲ್ಲ. ಮೊನ್ನೆ ಒಬ್ಬಳು ತವರಿನ ಹೊಲದ ಕಾಗದ ತಂದು ನನ್ನ ಮುಂದೆ ಹರವಿದಳು. ಗಟ್ಟಿ ಹೆಂಗಸು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಇಷ್ಟೆಲ್ಲಾ ಹೇಳ್ತೀರಿ, ನಿಮ್ಮ ಮನ್ಯಾಗ ಹೆಣ್ಣಮಗಳಿಗೆ ಪಾಲ ಕೊಟ್ಟೀರೇನ್ರಿ?" ಎಂದು ಕೇಳಿದಳು.

"ಇಲ್ಲವ್ವಾ. ಇನ್ನೂ ನಾವ ತಿನ್ನಾಕತ್ತೇವಿ."

ಅವಳು ನನ್ನ ಮುಖ ನೋಡಿದಳು. ಕಾಗದ ಮಡಚಿಕೊಂಡು ಬಾಜೂ ಮೇಜಿಗೆ ಹೋದಳು.