ದೈತ್ಯನನ್ನು ಸಾಕಿದ ಲೇಥ್ ಕಾಕಾ

ಲೇಥ್ ಕಾಕಾನ ಮುಂಗೈ ಕೂದಲಲ್ಲಿ ಉಕ್ಕಿನ ಸಣ್ಣ ಚೂರುಗಳು ಸಿಕ್ಕಿಕೊಂಡು ಬಿಸಿಲಿಗೆ ಮಿನುಗುತ್ತಿದ್ದವು. ಎಲ್ಲರೂ ಊಟಕ್ಕೆ ಮೊದಲು ಕೈ ತೊಳೆದರೆ, ಅವರು ಊಟವಾದ ಮೇಲೂ ಮರದ ಹೊಟ್ಟು ಹಾಕಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಊಟದ ನಂತರ ಆಡುವ ಕಾರ್ಡಿನ ಎಲೆಗಳಿಗೆ ಎಣ್ಣೆ ತಾಗಬಾರದಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಬೆಳಗಾವಿ ಆಟೋ ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಟೈಪಿಸ್ಟ್. ಅವರು ಅಲ್ಲಿಯ ಹಿರಿಯ ಟರ್ನರ್, ಲೇಥ್ ಯಂತ್ರದಲ್ಲಿ ಉಕ್ಕು ಕಡೆಯುವವರು. ಇಬ್ಬರೂ ಖಾನಾಪುರದಿಂದ ಬೆಳಗಿನ ರೈಲಿಗೆ ಬರುವವರು. ಹಡಗಿನಲ್ಲಿ ದುಡಿಯುತ್ತಿದ್ದ ಅವರ ತಮ್ಮ ಪರದೇಶದಿಂದ ಆ ಎಲೆಗಳನ್ನು ತಂದುಕೊಟ್ಟಿದ್ದ. ಇಸ್ಪೀಟಲ್ಲ. ಒಂದೊಂದರ ಮೇಲೂ ಒಂದು ವಿಚಿತ್ರ ಪ್ರಾಣಿ, ಅದನ್ನು ಕಣಕ್ಕಿಳಿಸಲು ಬೇಕಾದ ಶಕ್ತಿ, ಅದರ ಬಲ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಆ ಸಾಲು ಓದಿ ಹೇಳಲೆಂದು ನನ್ನನ್ನು ಕರೆದರು. ಆಮೇಲೆ ನಾನೇ ಎದುರಾಳಿಯಾದೆ. ದಿನಾ ಮಧ್ಯಾಹ್ನ ಜೊತೆಗೇ ಉಂಡು ಆಡಲು ಕೂರುತ್ತಿದ್ದೆವು.

ಅವರ ಅಕ್ಕರೆಯೆಲ್ಲ ಆ ಮೊದಲ ಎಲೆಪೆಟ್ಟಿಗೆಯ ಪ್ರಾಣಿಗಳ ಮೇಲೆ. ಅವು ಅಗ್ಗ, ಬಲಶಾಲಿ, ಆದರೆ ಒಂದೊಂದಕ್ಕೂ ಒಂದು ಕುಂದು. ಒಂದು ಹಂದಿಗೆ ಸುಮ್ಮನೆ ಕೂರಲು ಬಾರದು. ಸಾವು ಎದುರಿಗಿದ್ದರೂ ನುಗ್ಗಲೇಬೇಕು. ಒಬ್ಬ ದೈತ್ಯ ಎರಡೇ ಶಕ್ತಿಗೆ ಬರುತ್ತಿದ್ದ, ಬಲ ಐದು. ಆದರೆ ಪ್ರತಿ ಸರದಿಗೂ ತನ್ನನ್ನು ಕಣಕ್ಕಿಳಿಸಿದ ಯಜಮಾನನದೇ ಒಂದು ಎಲೆ ತಿನ್ನುತ್ತಿದ್ದ.

“ಇಂವ ನಿಮ್ಮನ್ನ ತಿಂತಾನಲ್ರಿ, ಕಾಕಾ,” ಎಂದಿದ್ದೆ.

“ತಿನ್ಲಿ ಬಿಡು ತಂಗಿ. ನಾ ಏನ್ ಕೊಡಾಕತ್ತೇನಿ ಅನ್ನೂದು ನನಗ ಗೊತ್ತೈತಿ. ಅದು ತೀರೂದ್ರಾಗ ಆಟ ಮುಗಸಬೇಕು, ಅಷ್ಟ.”

ಮುಗಿಸುತ್ತಿದ್ದರು ಕೂಡ. ದೈತ್ಯನಿಗೆ ಹಾಕಲೆಂದೇ ನಾಲ್ಕು ಕೆಲಸಕ್ಕೆ ಬಾರದ ಎಲೆ ಇಟ್ಟುಕೊಂಡಿರುತ್ತಿದ್ದರು. ನಾಲ್ಕನೆಯದು ಹೋಗುವಷ್ಟರಲ್ಲಿ ನಾನು ಸೋತಿರುತ್ತಿದ್ದೆ.

ಮುಂದೆ ಅವರ ತಮ್ಮ ಇನ್ನೊಂದು ಹೊಸ ಪೆಟ್ಟಿಗೆ ತಂದ. ಅದರ ಪ್ರಾಣಿಗಳೂ ಅಷ್ಟೇ ಅಗ್ಗ, ಇನ್ನೂ ಬಲಶಾಲಿ, ಕುಂದೇ ಇಲ್ಲ. ಅವನ್ನಿಟ್ಟುಕೊಂಡು ನಾನು ಮೂರು ದಿನ ಸತತ ಗೆದ್ದೆ. ಕಾಕಾ ದಣಿದವರಂತೆ ಎಲೆ ಕೆಳಗಿಟ್ಟರು.

“ಗೆದ್ದಿ, ಖರೇ. ಏನ್ ವಿಚಾರ ಮಾಡಿ ಗೆದ್ದಿ, ಹೇಳು?”

ಬಲ ಹೆಚ್ಚಿದ್ದ ಎಲೆ ಇಳಿಸುತ್ತ ಹೋಗಿದ್ದೆ, ಅಷ್ಟೆ. ಹೊಸ ಪೆಟ್ಟಿಗೆಯನ್ನು ನನಗೇ ಕೊಟ್ಟುಬಿಟ್ಟರು. ಆಮೇಲೆ ನಾವು ಆಡಿದ್ದೆಲ್ಲ ಹಳೆಯದರಲ್ಲೇ.

ಮರುವರ್ಷ ಕಾರ್ಖಾನೆಗೆ ಉಕ್ಕನ್ನು ತಾನೇ ಕಡೆಯುವ ಕಂಪ್ಯೂಟರ್ ಯಂತ್ರ ಬಂತು. ಒಂದು ಬೆಳಿಗ್ಗೆ ಮಾಲಕರು ನನ್ನ ಕೈಲಿ ಒಂದು ಪತ್ರ ಟೈಪ್ ಮಾಡಿಸಿದರು: ಇನ್ನೊಂದು ತಿಂಗಳ ನಂತರ ಹಿರಿಯ ಟರ್ನರನ ಸೇವೆ ಬೇಕಿಲ್ಲ. “ಸಂಜೀತನಕ ಯಾರಿಗೂ ಹೇಳಬ್ಯಾಡ್ರಿ,” ಎಂದರು.

ಮಧ್ಯಾಹ್ನ ಕಾಕಾ ಕೈ ಒರೆಸಿಕೊಂಡು ಕಾಯುತ್ತಿದ್ದರು. ಆಡಲು ಕೂತೆ. ಕೈಯಲ್ಲಿರುವ ಎಲೆ ಯಾವುದೆಂದೇ ಕಾಣಲಿಲ್ಲ.

“ಇವತ್ತ ನಿನ್ನ ಲಕ್ಷ್ಯ ಇಲ್ಲಲ್ಲ, ತಂಗಿ.”

“ತಲಿ ನೋಯಾಕತ್ತೈತ್ರಿ.”

ಅವರು ಆಟ ನಿಲ್ಲಿಸಿ ತಮ್ಮ ಚಹಾ ನನ್ನ ಕಡೆ ಸರಿಸಿದರು. ಸಂಜೆ ರೈಲಿನಲ್ಲಿ ಆ ಪತ್ರ ಅವರ ಜೇಬಿನಲ್ಲಿತ್ತು. ದೇಸೂರ ನಿಲ್ದಾಣ ದಾಟಿದರೂ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಉಳಿದ ಒಂದು ತಿಂಗಳು ಕೆಲಸದ ನೆವ ಹೇಳಿ ನಾನು ಟೈಪ್ ಯಂತ್ರದ ಮುಂದೆಯೇ ಉಂಡೆ. ಅವರು ದಿನಾ ಬಾಗಿಲಲ್ಲಿ ಒಮ್ಮೆ ಇಣುಕಿ ಹಿಂದಿರುಗುತ್ತಿದ್ದರು. ಆಮೇಲಾಮೇಲೆ ಇಣುಕುವುದನ್ನೂ ಬಿಟ್ಟರು.

ಎರಡು ವರ್ಷದ ನಂತರ, ಕಾಕಾನಿಗೆ ಹುಷಾರಿಲ್ಲವೆಂದು ಕೇಳಿ ಖಾನಾಪುರದ ಅವರ ಮನೆಗೆ ಹೋದೆ. ಹಾಸಿಗೆಯಲ್ಲಿದ್ದರು, ಉಸಿರು ಭಾರವಾಗಿತ್ತು.

“ಕಾಕಾ, ಆ ಪತ್ರ ನಾನ ಟೈಪ್ ಮಾಡಿದ್ದೆ,” ಎಂದೆ.

“ಗೊತ್ತೈತಿ. ಅಲ್ಲಿ ಮತ್ತ್ಯಾರಿಗೆ ಟೈಪ್ ಬರ್ತಿತ್ತು?” ಸ್ವಲ್ಪ ಸುಧಾರಿಸಿಕೊಂಡು ಹೇಳಿದರು: “ಅದಕ್ಕ ಸಿಟ್ಟಿಲ್ಲ ನನಗ. ಒಂದ್ ತಿಂಗಳು ನನ್ನ ಒಬ್ಬನ್ನ ಊಟಕ್ಕ ಕುಂದ್ರಿಸಿದ್ಯಲ್ಲ, ಅದು ಭಾಳ ಬ್ಯಾಸರಾತು.”

ಆ ಚಳಿಗಾಲದಲ್ಲಿ ಕಾಕಾ ಹೋದರು.

ಅಂಥ ಪತ್ರಗಳನ್ನು ಆಮೇಲೂ ಟೈಪ್ ಮಾಡಿದ್ದೇನೆ; ಹೊಟ್ಟೆಪಾಡು, ಬಿಡಲಾಗಲಿಲ್ಲ. ಆದರೆ ಪತ್ರ ಕೈಸೇರಿದ ಮರುದಿನದಿಂದ ಅದನ್ನು ಪಡೆದವರ ಪಕ್ಕಕ್ಕೇ ನನ್ನ ಊಟದ ಡಬ್ಬಿ ಒಯ್ದು ಕೂರುತ್ತೇನೆ. ಅವರ ಊಟ ಮುಗಿಯುವವರೆಗೆ ಏಳುವುದಿಲ್ಲ.