ಮಾವನ ಸಹಿಗಳ ಗೋಡೆ

ನಮ್ಮ ಸೋದರಮಾವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಹುಚ್ಚು ಮಾತ್ರ ರಾಕ್ ಸಂಗೀತಗಾರರ ಸಹಿಗಳದ್ದು, ಅದೂ ತೀರಿಕೊಂಡವರದ್ದೇ ಆಗಬೇಕು. "ಬದುಕಿರೋರ ಸಹಿಗೆ ಏನು ಬೆಲೆ? ಕೇಳಿದ್ರೆ ಇನ್ನೊಂದು ಹಾಕಿ ಕೊಡ್ತಾರೆ" ಎನ್ನುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ, ಅವನೊಡನೆ ವಾದಿಸಿ ಗೆದ್ದವರಿಲ್ಲ.

ಅಂಗಡಿಯ ಒಂದು ಗೋಡೆ ತುಂಬ ಆ ಸಹಿಗಳೇ. ಪತ್ರಿಕೆಯಲ್ಲಿ ಯಾರಾದರೂ ಹಾಡುಗಾರ ಸತ್ತ ಸುದ್ದಿ ಬಂದರೆ ಮಾವನ ಮುಖದಲ್ಲಿ ದುಃಖವೂ ಆಸೆಯೂ ಒಟ್ಟಿಗೇ ಕಾಣುತ್ತಿದ್ದವು. "ನಿಮ್ಮ ಕಣ್ಣು ಬಿದ್ದೋರು ಉಳಿಯೋಲ್ಲ ಬಿಡಿ" ಎಂದು ಅತ್ತೆ ರೇಗಿಸುತ್ತಿದ್ದಳು. ಗೋಡೆಯ ನಟ್ಟನಡುವೆ ಇದ್ದದ್ದು ಮಾವ ಹರೆಯದಲ್ಲಿ ಆರಾಧಿಸಿದ ಗಿಟಾರ್ ವಾದಕನ ಸಹಿ. ಅದನ್ನು ಮುಟ್ಟಲು ಅತ್ತೆಗೂ ಅಪ್ಪಣೆ ಇರಲಿಲ್ಲ.

ಒಂದು ಬೆಳಿಗ್ಗೆ ಬಿಳಿ ಜುಟ್ಟಿನ ಮುದುಕರೊಬ್ಬರು ಹೆಂಗಸೊಬ್ಬಳ ಫೋಟೋಗೆ ಕಟ್ಟು ಹಾಕಿಸಲು ಬಂದರು. ನಾನೂ ಅಲ್ಲೇ ಇದ್ದೆ. ಅವರು ಗೋಡೆಯನ್ನು ನೋಡುತ್ತ ನಡುವಿನ ಸಹಿಯ ಮುಂದೆ ನಿಂತರು.

"ಇವ್ರೆಲ್ಲ ಸತ್ತೋರಲ್ವಾ? ನಾನು ಯಾವಾಗ ಸತ್ತೆ?"

ಮಾವ ಇಂಗು ತಿಂದ ಮಂಗನಂತಾದ. ಆಗಿದ್ದಿಷ್ಟೇ: ಸತ್ತದ್ದು ಇವರ ತಂಡದ ಡ್ರಮ್ ಬಾರಿಸುವವನು, ಪತ್ರಿಕೆಯ ಫೋಟೋದಲ್ಲಿ ಇಬ್ಬರೂ ಇದ್ದರು. ಹಗಲೆಲ್ಲ ಫೋಟೋ ನೋಡುವವನಿಗೆ ಕೆಳಗಿನ ಅಕ್ಷರ ಓದುವ ವ್ಯವಧಾನವೆಲ್ಲಿ?

"ತಪ್ಪಾಯ್ತು ಸಾರ್. ಆದ್ರೂ ಸಹಿ ಅಸಲಿ ತಾನೇ?" ಅವನ ಮಾನವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು.

"ಅಲ್ಲಪ್ಪ. ನಾನು ಶುದ್ಧ ಸೋಮಾರಿ. ಅಭಿಮಾನಿಗಳು ಕಾಗದ ಬರೆದ್ರೆ ನನ್ನ ಹೆಸರು ಗೀಚಿ ಕಳಿಸ್ತಿದ್ದೋಳು ಇವಳು, ನನ್ನ ಹೆಂಡ್ತಿ." ಕೈಯಲ್ಲಿದ್ದ ಫೋಟೋ ಮೇಲೆ ಬೆರಳಿಟ್ಟರು. "ಮೊನ್ನೆ ಹೋಗ್ಬಿಟ್ಲು. ಅವಳ ಕೈಬರಹ ಇರ್ಲಿ ಅಂತ ಮನೆಯೆಲ್ಲ ಜಾಲಾಡಿದೆ. ಒಂದು ಚೂರೂ ಸಿಗ್ಲಿಲ್ಲ."

ಕೊಡಬೇಡ ಮಾವ, ಎಂದುಬಿಡಬೇಕೆನಿಸಿತು ನನಗೆ. ನಕಲಿಯೋ ಅಸಲಿಯೋ, ಅವನಿಗೆ ಅದು ಪ್ರಾಣವಾಗಿತ್ತು. ಮಾವ ಸ್ಟೂಲ್ ಹತ್ತಿ ಅದನ್ನು ಇಳಿಸಿದ. ಗಾಜನ್ನು ತನ್ನ ಅಂಗಿಯ ತುದಿಯಿಂದ ಒರೆಸಿ ಅವರ ಕೈಗಿತ್ತ. ಮುದುಕರು ಅದನ್ನು ಎದೆಗೊತ್ತಿಕೊಂಡು ಹೋದರು.

ಸಂಜೆ ಮನೆಯಲ್ಲಿ ಮಾವ ಅಡುಗೆಮನೆಗೇ ಹೋಗಿ, ಪಾತ್ರೆ ಒರೆಸುತ್ತಿದ್ದ ಅತ್ತೆಯ ಮುಂದೆ ಒಂದು ಹಾಳೆ, ಪೆನ್ನು ಇಟ್ಟ.

"ನಿನ್ನ ಸಹಿ ಹಾಕು."

"ಯಾಕ್ರೀ? ನಾನಿನ್ನೂ ಬದುಕಿದೀನಿ!"

"ಅದಕ್ಕೇ ಕೇಳ್ತಿರೋದು ಕಣೇ" ಎಂದ ಮಾವ.