ದನದ ಆಸ್ಪತ್ರೆಯಲ್ಲಿ ನಮ್ಮ ನಾಯಿ

ನಮ್ಮ ನಾಯಿಗೆ ರೇಬಿಸ್ ಚುಚ್ಚುಮದ್ದು ಹಾಕಿಸಲೆಂದು ಹೊರಟ ದಿನ ಅದನ್ನು ಹಾಕಿಸಿಕೊಂಡು ಮನೆಗೆ ಬಂದವರು ನಮ್ಮ ಯಜಮಾನರು. ನಾಯಿ ಹೋದ ಹಾಗೇ ವಾಪಸು ಬಂತು. ಈ ಸುದ್ದಿ ನ್ಯಾಮತಿಯಲ್ಲಿ ನಮಗಿಂತ ಮೊದಲೇ ನಮ್ಮ ಮನೆ ಮುಟ್ಟಿತ್ತು.

ನಾಯಿ ಜಗಳೂರಿನದು. ಯಜಮಾನರ ಅಕ್ಕನನ್ನು ಅಲ್ಲಿಗೆ ಕೊಟ್ಟಿದೆ. ಅವರ ಮನೆಯಲ್ಲಿ ಕೆಲಸಕ್ಕೆ ಬಾರದ ಸಾಮಾನೆಲ್ಲ ಪ್ರೀತಿಯ ಹೆಸರಿನಲ್ಲಿ ತಮ್ಮನ ಮನೆಗೆ ಬರುವುದು ಹಳೆಯ ಪದ್ಧತಿ. ಹಾಗೆ ಬಂದ ಒಂದು ಕೂಲರ್ ಇವತ್ತಿಗೂ ಅಟ್ಟದ ಮೇಲಿದೆ. 'ಕುರಿ ಕಾಯಾಕೆ ಒಲ್ಲೆ ಅಂತೈತೆ, ನಿಮ್ಮನೆನಾದ್ರೂ ಕಾಯ್ತೈತೇನೋ ನೋಡು' ಎಂದು ಅಕ್ಕ ಲಗೇಜ್ ಆಟೋದಲ್ಲಿ ಈರುಳ್ಳಿ ಚೀಲಗಳ ನಡುವೆ ಅದನ್ನು ಕಟ್ಟಿ ಕಳಿಸಿದರು. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದ ನಾಯಿ, ಇಳಿದ ಮೇಲೆ ಆಟೋ ಎಂಬುದು ಯಮನ ವಾಹನ ಎಂದು ತೀರ್ಮಾನಿಸಿತು. ಅದನ್ನು ತಪ್ಪು ಎನ್ನಲು ನನ್ನಲ್ಲಿ ಆಧಾರವಿಲ್ಲ.

ಉಳಿದಂತೆ ಅದು ಧೈರ್ಯದ ಪ್ರಾಣಿಯೇ. ಓಣಿಯ ಹಂದಿಗಳಿಗೆ, ಹಾಲಿನವನಿಗೆ, ಗಾಳಿಗೆ ಅಲುಗಾಡುವ ಪ್ಲಾಸ್ಟಿಕ್ ಚೀಲಕ್ಕೆ ಒಂದೇ ಸಮನೆ ಬೊಗಳುತ್ತಿತ್ತು. ನಾನು ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವಾಗ ಮಿಷನ್ ಪಕ್ಕದಲ್ಲೇ ಮಲಗಿ, ಅಳತೆ ಕೊಡಲು ಬಂದವರನ್ನು ಮೂಸಿ ಒಳಗೆ ಬಿಡುತ್ತಿತ್ತು. ಯಜಮಾನರು ಬಸ್ ಸ್ಟ್ಯಾಂಡ್ ಹತ್ತಿರ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಸುಟ್ಟ ಮೋಟಾರು ಅವರ ಮಾತು ಕೇಳುತ್ತದೆ. ಹಾಗಾಗಿ ಪ್ರಪಂಚದಲ್ಲಿ ಎಲ್ಲವೂ ತಮ್ಮ ಮಾತು ಕೇಳುತ್ತದೆ ಎಂಬುದು ಅವರ ನಂಬಿಕೆ.

'ಚುಚ್ಚುಮದ್ದೇನು ಮಹಾ, ಹಿಡ್ಕಂಡು ಹಾಕ್ಸಿದ್ರೆ ಆತು' ಎಂದು ಅವರು ಒಗೆದ ಬಿಳಿ ಅಂಗಿ ಹಾಕಿಕೊಂಡು, ಮತ್ತೆ ಅದೇ ಬಗೆಯ ಲಗೇಜ್ ಆಟೋ ಕರೆದುಕೊಂಡು ಬಂದರು. ನಾಯಿಯನ್ನು ಎತ್ತಿ ಒಳಗೆ ಹಾಕುವುದರೊಳಗೆ ಅಂಗಿ ಬಿಳಿಯಾಗಿ ಉಳಿದಿರಲಿಲ್ಲ.

ಪಶು ಆಸ್ಪತ್ರೆಗೆ ನಮ್ಮ ಕಡೆ ದನದ ಆಸ್ಪತ್ರೆ ಎನ್ನುತ್ತಾರೆ. ಹೆಸರಿಗೆ ತಕ್ಕಂತೆ ಅಲ್ಲಿ ಎಲ್ಲವೂ ದನದ ಅಳತೆಯದೇ. ಎಮ್ಮೆ ಕಟ್ಟುವ ಕಬ್ಬಿಣದ ಚೌಕಟ್ಟು, ಬಕೆಟ್ಟಿನಷ್ಟು ದೊಡ್ಡ ಔಷಧಿ ಡಬ್ಬ, ಎದೆ ನಡುಗಿಸುವ ಫಿನಾಯಿಲ್ ವಾಸನೆ. ಗೇಟಿನಲ್ಲೇ ನಾಯಿ ನಾಲ್ಕೂ ಕಾಲು ನೆಟ್ಟು ನಿಂತಿತು. ಯಜಮಾನರು ಸರಪಳಿ ಎಳೆದರು. ಸಿಮೆಂಟಿನ ಮೇಲೆ ಉಗುರು ಕೆರೆಯುವ ಸದ್ದಿಗೆ ಅಲ್ಲಿ ಹಸು, ಆಡು ಹಿಡಿದುಕೊಂಡು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅವರವರ ಹಸು ಆಡುಗಳ ಕಾಯಿಲೆ ಆ ಕ್ಷಣಕ್ಕೆ ವಾಸಿಯಾಗಿರಬೇಕು, ಎಲ್ಲರೂ ನಮ್ಮ ಸಹಾಯಕ್ಕೆ ಬಂದರು.

'ಕಿವಿ ಹಿಡೀರಿ.'

'ಕಿವಿ ಹಿಡಿದ್ರೆ ಏನಾಗ್ತೈತೆ, ಬಾಯಿ ಕಟ್ರಿ ಮೊದ್ಲು.'

'ಹಿಂದ್ಲ ಕಾಲು ನಂಗೆ ಕೊಡ್ರಿ, ನಾ ನೋಡ್ಕಂತೀನಿ.'

ನಾಯಿಯ ಒಂದೊಂದು ಅಂಗಕ್ಕೂ ಒಬ್ಬೊಬ್ಬರು ಉಸ್ತುವಾರಿ ಆದರು. ಯಾರೋ ಹಗ್ಗದಿಂದ ಮೂತಿ ಬಿಗಿದರು, ಯಾರೋ ಕುತ್ತಿಗೆಯ ಮೇಲೆ ಮೊಣಕಾಲೂರಿದರು. ನಿವೃತ್ತಿಗೆ ಹತ್ತಿರವಾಗಿದ್ದ ಆಗಿನ ಡಾಕ್ಟರು ಸಿರಿಂಜು ಹಿಡಿದುಕೊಂಡು ಸುರಕ್ಷಿತ ದೂರದಲ್ಲಿ ನಿಂತು, 'ಹಿಡಿದ್ರಾ? ಗಟ್ಟಿ ಹಿಡಿದ್ರಾ?' ಎಂದು ವಿಚಾರಿಸುತ್ತಿದ್ದರು. ನಾಯಿಗೆ ಹೆದರಿಕೆಯಿಂದ ಉಚ್ಚೆ ಹೋಯಿತು. ಅದನ್ನು ಕಂಡು ಎಲ್ಲರೂ ನಕ್ಕರು. ಅಷ್ಟರಲ್ಲಿ ಕಿವಿಯ ಉಸ್ತುವಾರಿಯವರಿಗೆ ಫೋನ್ ಬಂತು. ಅವರು 'ಹಲೋ' ಎನ್ನಲು ಕೈ ಬಿಟ್ಟರು, ಹಗ್ಗ ಜಾರಿತು, ನಾಯಿ ಕಚ್ಚಿತು. ಅಷ್ಟೊಂದು ಕೈಗಳ ನಡುವೆ ತನ್ನ ಒಡೆಯನ ಕೈಯನ್ನೇ ಗುರುತು ಹಿಡಿದು ಕಚ್ಚಿದ್ದು ಅದರ ಸ್ವಾಮಿನಿಷ್ಠೆ.

ಸಿರಿಂಜು ಎಲ್ಲೋ, ಔಷಧಿ ಕಾಂಪೌಂಡರ್ ಪ್ಯಾಂಟಿನ ಮೇಲೆ. ನಾವು ಅಲ್ಲಿಂದ ನೇರ ಮನುಷ್ಯರ ಆಸ್ಪತ್ರೆಗೆ ಹೋದೆವು.

'ಯಾವ ನಾಯ್ರೀ ಕಚ್ಚಿದ್ದು?' ಎಂದು ನರ್ಸಮ್ಮ ಕೇಳಿದಳು.

'ನಮ್ದೇ' ಎಂದರು ಯಜಮಾನರು.

'ಅದಕ್ಕೆ ಇಂಜೆಕ್ಷನ್ ಹಾಕ್ಸಿಲ್ಲೇನು?'

'ಅದನ್ನೇ ಹಾಕ್ಸಾಕೆ ಹೋಗಿದ್ವಿ.'

ಅವಳು ಮುಖ ಆಚೆ ತಿರುಗಿಸಿಕೊಂಡು ಸೂಜಿ ಸಿದ್ಧ ಮಾಡಿದಳು. ಯಜಮಾನರು ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡರು. ಯಾರೂ ಅವರ ಕಿವಿ ಹಿಡಿಯಲಿಲ್ಲ, ಬಾಯಿ ಕಟ್ಟಲಿಲ್ಲ, ಕುತ್ತಿಗೆಯ ಮೇಲೆ ಮೊಣಕಾಲೂರಲಿಲ್ಲ. ಎಂಥ ಸೌಕರ್ಯ ಎಂದುಕೊಂಡೆ.

ಅಂದಿನಿಂದ ನಾಯಿ ಬದಲಾಯಿತು. ಯಜಮಾನರು ಬಿಳಿ ಅಂಗಿ ತೊಟ್ಟರೆ ಸಾಕು, ಮಿಷನ್ ಕೆಳಗೆ ತೂರಿ ಗುರ್ ಎನ್ನುತ್ತಿತ್ತು. ಅವರು ಅನ್ನ ಹಾಕಿದರೆ ಅವರು ದೂರ ಹೋಗುವ ತನಕ ತಿನ್ನುತ್ತಿರಲಿಲ್ಲ. ಅವರಿಗೆ ಬೇಜಾರಾಗಿದ್ದು ನನಗೆ ಗೊತ್ತಿತ್ತು. ಆದರೆ ಬೇಜಾರನ್ನು ಬೇಜಾರಿನಂತೆ ಹೇಳುವುದು ನಮ್ಮ ಗಂಡಸರ ಸಂಪ್ರದಾಯವಲ್ಲ. ಅವರು ಹೊನ್ನಾಳಿಯಿಂದ ನಾಯಿ ಪಳಗಿಸುವ ಪರಿಣತರೊಬ್ಬರನ್ನು ಕರೆತಂದರು.

ಪರಿಣತರು ಕಪ್ಪು ಕನ್ನಡಕದೊಂದಿಗೆ ಬಂದು, ಚಹಾ ಕುಡಿದು, ನಾಯಿಯನ್ನು ನೋಡದೆಯೇ ರೋಗ ಕಂಡುಹಿಡಿದರು. 'ಮನ್ಯಾಗೆ ಯಜಮಾನ ಯಾರು ಅಂತ ಇದಕ್ಕೆ ಗೊತ್ತಿಲ್ಲ. ಅದನ್ನ ತೋರಿಸ್ಬೇಕು.'

ಒಳಗಿನಿಂದ ಅತ್ತೆ, 'ಅದು ಇನ್ನೂ ನಮ್ಗೇ ಗೊತ್ತಾಗಿಲ್ಲಪ್ಪ' ಎಂದರು.

ಪರಿಣತರು ಮುಳ್ಳಿನ ಪಟ್ಟಿಯೊಂದನ್ನು ತೆಗೆದು ನಾಯಿಯ ಕತ್ತಿಗೆ ಹಾಕಲು ಬಗ್ಗಿದರು. ನಾಯಿ ಹಲ್ಲು ತೋರಿಸಿತು. ಕಚ್ಚಲಿಲ್ಲ, ತೋರಿಸಿತು ಅಷ್ಟೆ. ಪರಿಣತರು ಕಟ್ಟೆ ಹತ್ತಿ ನಿಂತು, ಇಂಥದಕ್ಕೆ ಮನೆಪಾಠ ಸಾಲದು, ತಮ್ಮಲ್ಲೇ ತಂದು ಬಿಡಬೇಕು ಎಂದರು. ಅತ್ತೆ ಮಾತ್ರ, 'ಹೊನ್ನಾಳಿ ಬಸ್ಸು ಈಗ ಐತೆ, ಓಡಿದ್ರೆ ಸಿಗ್ತೈತೆ' ಎಂದು ಅವರನ್ನು ಪ್ರೀತಿಯಿಂದ ಬೀಳ್ಕೊಟ್ಟರು.

ಮುಂದೆ ಹಳೆಯ ಡಾಕ್ಟರು ನಿವೃತ್ತರಾಗಿ, ಚನ್ನಗಿರಿ ಕಡೆಯಿಂದ ಒಬ್ಬ ಡಾಕ್ಟರಮ್ಮ ಬಂದರು. ನಾನೊಬ್ಬಳೇ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, 'ನಾಯಿಗೆ ಏನೂ ಆಗಿಲ್ಲ ಬಿಡ್ರಿ. ನಿಮ್ಮನ್ನ ಹಂಗೆ ಹಿಡಿದಿದ್ರೆ ನೀವೂ ಕಚ್ತಿದ್ರಿ' ಎಂದರು. 'ನಾಳೆ ಸಂಜೆ ಗಲಾಟೆ ಇಲ್ದಾಗ ನಡೆಸ್ಕಂಡು ಬರ್ರಿ. ಆಟೋ ಬ್ಯಾಡ. ಇಂಜೆಕ್ಷನ್ನೂ ಇಲ್ಲ. ಸುಮ್ನೆ ಬಂದು ಹೋಗಾಕೆ.'

'ಆಸ್ಪತ್ರೆಗೆ ಸುಮ್ನೆ ಬಂದು ಹೋಗಾಕೆ ಅದೇನು ದ್ಯಾವ್ರ ಗುಡೀನಾ?' ಎಂದು ಯಜಮಾನರು ನಕ್ಕರು. ಆದರೂ ಮರುದಿನ ಹಳೇ ಅಂಗಿ ಹಾಕಿಕೊಂಡು ಜೊತೆಗೆ ಹೊರಟರು.

ಡಾಕ್ಟರಮ್ಮನ ಕೈಯಲ್ಲಿ ಏನೂ ಇರಲಿಲ್ಲ. ಗೇಟಿನ ಆಚೆಯೇ ಒಂದು ಕಲ್ಲಿನ ಮೇಲೆ, ನಾಯಿಗೆ ಎದುರಾಗದೆ ಪಕ್ಕಕ್ಕೆ ತಿರುಗಿ ಕೂತರು. ನಾಯಿಯತ್ತ ನೋಡಲೇ ಇಲ್ಲ. ಯಜಮಾನರು ಅಭ್ಯಾಸದಂತೆ ಗಟ್ಟಿ ದನಿಯಲ್ಲಿ, 'ಏಯ್, ಮುಂದಕ್ ನಡಿ' ಎಂದು ಸರಪಳಿ ಎಳೆದರು.

ಆಗ ಡಾಕ್ಟರಮ್ಮ, ಕೂಸನ್ನು ತೊಟ್ಟಿಲಲ್ಲಿ ತೂಗುವ ದನಿಯಲ್ಲಿ, 'ಅಣ್ಣ, ಆ ಸರಪಳಿ ಇನ್ನೊಂದ್ಸಲ ಎಳದ್ರೆ ಅದನ್ನ ನಿಮ್ ಕೊರಳಿಗೆ ಹಾಕಿ ನಾ ಎಳೀತೀನಿ' ಎಂದರು.

ಯಜಮಾನರಿಗೆ ಬೈದದ್ದೋ ಮುದ್ದು ಮಾಡಿದ್ದೋ ತಿಳಿಯಲಿಲ್ಲ. ಆಮೇಲೆ ನಮಗೆ ಅರ್ಥವಾಯಿತು: ನಾಯಿ ಹತ್ತಿರ ಇದ್ದಾಗ ಆಕೆ ದನಿ ಏರಿಸುವುದಿಲ್ಲ, ಆದರೆ ಬೈಯುವುದನ್ನೂ ಬಿಡುವುದಿಲ್ಲ. ಅಷ್ಟು ಇಂಪಾಗಿ ಬೈಸಿಕೊಂಡ ಅನುಭವ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ.

ಅದಾದ ಮೇಲೆ ನಾವು ಆಗಾಗ ಹೋಗಿ ಬರತೊಡಗಿದೆವು. ಮೊದಲು ಗೇಟಿನ ತನಕ, ಆಮೇಲೆ ಅಂಗಳಕ್ಕೆ, ಆಮೇಲೆ ಬಾಗಿಲಿಗೆ. ಪ್ರತಿ ಸಲವೂ ನಾಯಿಗೆ ಬೇಯಿಸಿದ ಮೊಟ್ಟೆಯ ಚೂರು ಸಿಗುತ್ತಿತ್ತು. ನಮ್ಮ ಮನೆಗೆ ಮೊಟ್ಟೆ ಬರುವಂತಿಲ್ಲ, ಅತ್ತೆಯ ಲಿಂಗಪೂಜೆ ಇದೆ. ಹಾಗಾಗಿ ಪಕ್ಕದ ಮನೆಯ ಆಪಾ ತನ್ನ ಒಲೆಯಲ್ಲಿ ಬೇಯಿಸಿ ಕೊಡುತ್ತಿದ್ದಳು. 'ನನ್ ಗಂಡ ಮೊಟ್ಟೆ ಕೇಳಿದ್ರೆ ನಾಳೆ ಅಂತೀನಿ. ನಿಮ್ ನಾಯಿಗೆ ಮಾತ್ರ ಹೊತ್ ಹೊತ್ತಿಗೆ ನಡೀತೈತೆ ನೋಡಕ್ಕ' ಎನ್ನುತ್ತಿದ್ದಳು. ಡಬ್ಬಿಯಲ್ಲಿ ಏನಿದೆ ಎಂದು ಅತ್ತೆ ಕೇಳಲಿಲ್ಲ. ವಾಸನೆ ಬಂದ ದಿನ ಊದುಬತ್ತಿ ಒಂದು ಹೆಚ್ಚಿಗೆ ಹಚ್ಚಿದರು.

ಒಳಗಿನ ಸ್ಟೀಲ್ ಮೇಜಿನ ಮೇಲೆ ಕಾಲು ಜಾರುವುದು ನಾಯಿಗೆ ಆಗುತ್ತಿರಲಿಲ್ಲ. ಡಾಕ್ಟರಮ್ಮ ನಮ್ಮ ಮನೆಯ ಹಳೇ ಕೌದಿ ತರಿಸಿ ನೆಲಕ್ಕೆ ಹಾಸಿದರು. ಅದರ ಮೇಲೆಯೇ ಪರೀಕ್ಷೆ. ತಲೆಯ ಮೇಲಿಂದ ಕೈ ತರದೆ, ಎದೆಯ ಕೆಳಗಿನಿಂದ ತಂದು ಮೊದಲು ಭುಜ, ಆಮೇಲೆ ಬೆನ್ನು ಮುಟ್ಟಿದರು. ನಾಯಿ ಮುಖ ತಿರುಗಿಸಿದರೆ ಕೈ ಹಿಂದಕ್ಕೆ ತೆಗೆದು ಕಾಯುತ್ತಿದ್ದರು. ಮೂತಿಗೆ ಬಟ್ಟೆಯ ಚೀಲವೊಂದನ್ನು ಹೊಲಿಯಲು ನನಗೆ ಹೇಳಿದರು. ಕಸುಬಿನ ಹೆಮ್ಮೆಯಿಂದ ಬಹಳ ನೀಟಾಗಿ ಹೊಲಿದು ಒಯ್ದೆ. ಅವರು ಬೆರಳು ತೂರಿಸಿ ನೋಡಿ, 'ಇದೇನು ಬ್ಲೌಸೇನ್ರೀ ಇಷ್ಟು ಫಿಟಿಂಗ್ ಮಾಡಾಕೆ? ಅದು ಬಾಯಿ ತೆಗೆದು ಉಸಿರಾಡ್ಬೇಕು, ಬಿಚ್ಚಿ ಲೂಸ್ ಹೊಲಿರಿ' ಎಂದರು. ಎಷ್ಟೋ ಮದುವೆಗಳಿಗೆ ಬ್ಲೌಸ್ ಹೊಲಿದುಕೊಟ್ಟು ಹೆಸರು ಮಾಡಿದ ನಾನು ನಾಯಿಯ ಮೂತಿಯ ಅಳತೆಯಲ್ಲಿ ಫೇಲಾದೆ. ಬಿಚ್ಚಿ ಮತ್ತೆ ಹೊಲಿದ ಚೀಲದೊಳಗೆ ಮೊಟ್ಟೆ ಇಟ್ಟು ತೋರಿಸಿದರೆ, ಕೆಲವೇ ದಿನದಲ್ಲಿ ನಾಯಿ ತಾನೇ ಮೂತಿ ತೂರಿಸತೊಡಗಿತು.

ಒಂದು ಸಂಜೆ, ಅದು ಮೊಟ್ಟೆ ನೆಕ್ಕುತ್ತಿರುವಾಗ, ಡಾಕ್ಟರಮ್ಮ ಬೆನ್ನು ಸವರುತ್ತಲೇ ಚುಚ್ಚಿದರು. ನಾಯಿ ಒಮ್ಮೆ ತಿರುಗಿ ನೋಡಿ ಮತ್ತೆ ಡಬ್ಬಿಗೆ ಮರಳಿತು.

'ಯಾವಾಗ ಹಾಕ್ತೀರಿ ಮೇಡಂ?' ಎಂದರು ಯಜಮಾನರು.

'ಹಾಕಿದ್ದಾತು ಅಣ್ಣ.'

ಅವರ ಮುಖದಲ್ಲಿ ಮೋಸಹೋದವರ ಕಳೆ ಇತ್ತು. ಒಂದು ಯುದ್ಧಕ್ಕೆ ಸಿದ್ಧರಾಗಿ ಬಂದಿದ್ದರು ಪಾಪ.

ಇದೆಲ್ಲ ಹೊತ್ತು ಕಳೆಯುವ ಆಟ ಎಂದು ಓಣಿಯವರು ಅಂದುಕೊಂಡಿರುವಾಗ, ಮಳೆಗಾಲದ ಒಂದು ಬೆಳಗ್ಗೆ ನಾಯಿ ಹಂದಿಯನ್ನು ಅಟ್ಟಿಸಿಕೊಂಡು ಹೋಗಿ ಮುಳ್ಳುತಂತಿಗೆ ಸಿಕ್ಕಿಕೊಂಡಿತು. ತೊಡೆಯ ಚರ್ಮ ಹರಿದು ಜೋತಾಡುತ್ತಿತ್ತು. ನಡೆಸಿಕೊಂಡು ಹೋಗುವ ಹಾಗಿರಲಿಲ್ಲ. ಯಜಮಾನರು ಅದನ್ನು ಕೌದಿಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಆಟೋದಲ್ಲಿ ಕೂತರು. ಅದು ನಡುಗುತ್ತಿತ್ತು, ಆದರೆ ಕೊಸರಲಿಲ್ಲ. ದಾರಿಯುದ್ದಕ್ಕೂ ಅವರು ಅದರ ಕಿವಿಯ ಹತ್ತಿರ ಏನೋ ಹೇಳುತ್ತಲೇ ಇದ್ದರು. ಮದುವೆಯಾದಾಗಿನಿಂದ ನಾನು ಕೇಳದ ದನಿ ಅದು. ನಾಯಿಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಆಸ್ಪತ್ರೆಯಲ್ಲಿ ಹಸು ಹಿಡಿದುಕೊಂಡು ನಿಂತಿದ್ದ ಒಬ್ಬರು ಉತ್ಸಾಹದಿಂದ, 'ಕಾಲು ಹಿಡ್ಕಳ್ಳಲೇನ್ರೀ?' ಎಂದು ಮುಂದೆ ಬಂದರು. 'ನಿಮ್ ಹಸೂನ ಹಿಡ್ಕಳ್ಳಿ ಸಾಕು' ಎಂದರು ಡಾಕ್ಟರಮ್ಮ, ಜೋಗುಳದ ದನಿಯಲ್ಲಿ. ನಾನು ನಾಯಿಯ ಮುಂದೆ ಮೂತಿಯ ಚೀಲ ಹಿಡಿದೆ. ಅದು ನನ್ನ ಮುಖ ನೋಡಿ, ಮೊಟ್ಟೆ ಇಲ್ಲದ ಖಾಲಿ ಚೀಲಕ್ಕೆ ಮೂತಿ ತೂರಿಸಿತು.

ಮಂಪರಿನ ಇಂಜೆಕ್ಷನ್ ಕೊಟ್ಟು, ಗಾಯದ ಸುತ್ತ ಮರಗಟ್ಟಿಸಿ ಹೊಲಿಗೆ ಶುರು ಮಾಡಿದರು. ನಾಯಿಯ ತಲೆ ಯಜಮಾನರ ತೊಡೆಯ ಮೇಲಿತ್ತು. ಸೂಜಿ ಚರ್ಮದೊಳಗೆ ಹೋಗಿ ಈಚೆ ಬರುವುದನ್ನು ನಾನು ಹತ್ತಿರದಿಂದ ನೋಡಿದೆ. ಹೊಲಿಗೆ ನನ್ನದಕ್ಕಿಂತ ವಾಸಿ ಎಂದು ಒಪ್ಪಿಕೊಳ್ಳಬೇಕು. ಅರ್ಧಕ್ಕೆ ಬರುವಷ್ಟರಲ್ಲಿ ಯಜಮಾನರ ಮುಖ ಬೆವೆತು, ಮೈ ಗೋಡೆಗೆ ವಾಲಿತು. ಕಾಂಪೌಂಡರ್ ಅವರ ರಟ್ಟೆ ಹಿಡಿದು ಎಬ್ಬಿಸಲು ಹೋದ.

ಡಾಕ್ಟರಮ್ಮ ಸೂಜಿಯಿಂದ ಕಣ್ಣು ಎತ್ತದೆ, 'ಅವ್ರನ್ನ ಎಳೀಬ್ಯಾಡಪ್ಪ, ಹೆದ್ರಿದಾರೆ. ಹಂಗೇ ಕೆಳಗೆ ಮಲಗ್ಸು. ಗಾಳಿ ಬಿಡು' ಎಂದರು.

ಹೀಗೆ ಒಂದೇ ಕೌದಿಯ ಈ ತುದಿಗೆ ನಾಯಿ, ಆ ತುದಿಗೆ ಅದರ ಯಜಮಾನರು ಮಲಗಿದರು. ಇಬ್ಬರಲ್ಲಿ ನಾಯಿಯೇ ಶಾಂತವಾಗಿತ್ತು.

ಗಾಯ ವಾಸಿಯಾಯಿತು. ಹೊಲಿಗೆ ಬಿಚ್ಚಿಸಲು ಹೋದ ದಿನ ಅತ್ತೆಯೂ ನಮ್ಮ ಜೊತೆ ಬಂದು, ಸೀರೆ ಸೆರಗು ಸರಿಮಾಡಿಕೊಂಡು ಡಾಕ್ಟರಮ್ಮನ ಎದುರು ಕೂತರು. 'ನಂದೂ ಬೀಪಿ ನೋಡ್ಬಿಡವ್ವ. ನಮ್ ಡಾಕ್ಟ್ರು ಮುಖಾನೇ ನೋಡಂಗಿಲ್ಲ.' ಡಾಕ್ಟರಮ್ಮ, ತಾನು ದನ ನಾಯಿಗಳಿಗೆ ಮಾತ್ರ ಡಾಕ್ಟರು ಎಂದು ಹೇಳಿದರೂ ಅತ್ತೆ ಕೇಳಲಿಲ್ಲ. 'ಎಲ್ರಿಗೂ ಜೀವ ಒಂದೇ ಅಲ್ವೇನವ್ವ' ಎಂದು ಕೈ ಚಾಚಿದರು. ಡಾಕ್ಟರಮ್ಮ ನಾಡಿ ಹಿಡಿದು ಅತ್ತೆಯ ಮುಖ ನೋಡುತ್ತ ಕೂತರು. ಅಷ್ಟಕ್ಕೇ ಅತ್ತೆಯ ಬೀಪಿ ಇಳಿಯಿತಂತೆ.

ನಮ್ಮ ನಾಯಿಗೆ ಆಸ್ಪತ್ರೆಯ ಮೇಲೆ ಪ್ರೀತಿ ಬಂದಿದೆ ಎಂದು ಹೇಳಲಾರೆ. ಗೇಟು ಕಂಡರೆ ಈಗಲೂ ಬಾಲ ಇಳಿಯುತ್ತದೆ, ನಡಿಗೆ ನಿಧಾನವಾಗುತ್ತದೆ. ನಾವು ಎಳೆಯದೆ ನಿಲ್ಲುತ್ತೇವೆ. ಅದು ಸುತ್ತ ಮೂಸಿ, ನಮ್ಮ ಮುಖ ನೋಡಿ, ತನಗೆ ಬೇಕೆನಿಸಿದಾಗ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಯಜಮಾನರು, ಅಲ್ಲಿ ನಾಯಿ ತಂದ ಬೇರೆಯವರಿಗೆ ಉಪದೇಶ ಶುರು ಮಾಡಿರುತ್ತಾರೆ. ಮೊನ್ನೆ ಸವಳಂಗದಿಂದ ಬಂದವರೊಬ್ಬರು ಮರಿಯ ಕಿವಿ ಹಿಡಿದದ್ದನ್ನು ಕಂಡು, ಆಸ್ಪತ್ರೆಯೆಲ್ಲ ಕೇಳುವ ಹಾಗೆ, 'ನಾಯಿ ಮುಂದೆ ಮೆಲ್ಲಕೆ ಮಾತಾಡ್ಬೇಕು ಕಣ್ರೀ' ಎಂದು ಕೂಗಿದರು. ಮರಿ ಹೆದರಿ ಬೆಂಚಿನ ಕೆಳಗೆ ಹೋಯಿತು. ಒಳಗಿನಿಂದ ಡಾಕ್ಟರಮ್ಮ ಬಹಳ ಇಂಪಾಗಿ, 'ಅಣ್ಣ, ನೀವು ಹೊರಗೆ ಕುಂದರ್ರಿ' ಎಂದರು.